ಅಟ್ಟದ ಕೆಳಗಿನ ಹೊಗೆ

ನೆಂಗ್ನೆಯ್‌ಗೆ ನಿದ್ದೆ ಇರಲಿಲ್ಲ. ಮಿಕ್ಕದ್ದೆಲ್ಲ ಮೊದಲೇ ಹೋಗಿತ್ತು. ಮಣಿಪುರದ ಬೆಟ್ಟದಲ್ಲಿದ್ದ ಅವಳ ಊರಿಗೆ ಬೆಂಕಿ ಇಟ್ಟವರು ಹಂದಿಗೂಡನ್ನೂ ಬಿಟ್ಟಿರಲಿಲ್ಲ. ಅವಳ ಅತ್ತೆ ಮನೆಯೊಳಗೇ ಉಳಿದಳು. ಗಂಡ ಲಾಲ್ ಜೊತೆ ಪರಿಹಾರ ಶಿಬಿರದಲ್ಲಿದ್ದು, ಅಲ್ಲಿಂದ ಕೂಲಿ ಏಜೆಂಟನ ಹಿಂದೆ ರೈಲು ಹತ್ತಿ, ತಿಪಟೂರಿನಾಚೆ ನೊಣವಿನಕೆರೆ ರಸ್ತೆಯಲ್ಲಿದ್ದ ಏಕಾಂತಯ್ಯನ ಕೊಬ್ಬರಿ ಶೆಡ್ಡಿಗೆ ಬಂದು ಸೇರಿದ್ದಳು.

ಅವಳ ಹೆಸರು ಯಾರ ಬಾಯಿಗೂ ಒಗ್ಗಲಿಲ್ಲ. ಹೆಂಗಸರು ನಿಂಗಿ ಎಂದರು. ಏಕಾಂತಯ್ಯ ‘ಆ ನೇಪಾಳದೋಳು’ ಎನ್ನುತ್ತಿದ್ದ. ಮಣಿಪುರವೂ ನಮ್ಮ ದೇಶವೇ ಎಂದು ಲಾಲ್ ಹೇಳಿದಾಗ, “ಹಂಗಾದ್ರೆ ಅಲ್ಲೇ ಇರ್ಬೇಕಿತ್ತು” ಎಂದ.

ಗಂಡ ಹೆಂಡತಿಗೆ ಕೊಟ್ಟಿದ್ದು ಅಟ್ಟದ ಕೆಳಗಿನ ಒಂದು ಮೂಲೆ. ಮೇಲೆ ವರ್ಷದ ಕಾಯಿ. ಒಳಗಿನ ನೀರು ಇಂಗಿ ಕೊಬ್ಬರಿ ಉಂಡೆಯಾಗುವವರೆಗೆ ಕಾಯಿ ಅಟ್ಟದಲ್ಲೇ ಇರಬೇಕು. ಇಲಿ ಓಡಿದರೆ ಒಂದು ಕಾಯಿ ಉರುಳುತ್ತಿತ್ತು. ಕಾಯಿ ಉರುಳಿದರೆ ನೆಂಗ್ನೆಯ್ ಎದ್ದು ಕೂರುತ್ತಿದ್ದಳು. ಮಲಗುವಾಗಲೂ ಅವಳು ಚಪ್ಪಲಿ ಬಿಡುತ್ತಿರಲಿಲ್ಲ.

“ಯಾಕಮ್ಮಿ, ಚಪ್ಲಿ ಹಾಕ್ಕಂಡೇ ಮಲಗ್ತೀಯಂತೆ?” ಎಂದು ಅನಸೂಯಮ್ಮ ಕೇಳಿದಳು. ಕೊಬ್ಬರಿ ಒಡೆಯುವ ಹೆಂಗಸರಲ್ಲಿ ಅನಸೂಯಮ್ಮನೇ ಹಳಬಳು.

“ಓಡೋಕೆ, ಅಕ್ಕ.”

“ಇಲ್ಲಿ ಯಾರು ಅಟ್ಟಿಸ್ಕಂಡು ಬತ್ತಾರೆ? ಸಾವ್ಕಾರ್ರಿಗೆ ಮಂಡಿನೋವು ಕಣೇ.”

ನೆಂಗ್ನೆಯ್ ನಕ್ಕಳು. ಶೆಡ್ಡಿಗೆ ಬಂದಮೇಲೆ ಅವಳು ನಕ್ಕದ್ದನ್ನು ಹೆಂಗಸರು ನೋಡಿದ್ದು ಆಗಲೇ.

ಆಷಾಢದ ಸೋನೆ ಹಿಡಿಯಿತು. ಕಾಯಿಗೆ ತೇವ ಹತ್ತಬಾರದೆಂದು ಅಟ್ಟದ ಕೆಳಗೆ ತೆಂಗಿನ ಮಟ್ಟೆ ಸುಟ್ಟು ಹೊಗೆ ಹಾಕುವುದು ವಾಡಿಕೆ. ಈ ಸೀಮೆಯವರಿಗೆ ಅದು ಬಚ್ಚಲೊಲೆಗೆ ಉರಿ ಹಾಕಿದಷ್ಟೇ ಮಾಮೂಲು. ಹೊಸಬಳಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅನಸೂಯಮ್ಮನಿಗೂ ಹೊಳೆಯಲಿಲ್ಲ.

ಮಧ್ಯಾಹ್ನ ಮುದ್ದೆ ಉಂಡು ಹೆಂಗಸರು ಅಡ್ಡಾಗಿದ್ದರು. ಶೆಡ್ಡಿನ ಲೆಕ್ಕ ಬರೆಯುವ ರೈಟರ್ ರುದ್ರೇಶ್ ಮಟ್ಟೆಗೆ ಬೆಂಕಿ ಕೊಟ್ಟು ಟೀ ಕುಡಿಯಲು ಹೋದ. ಹೊಗೆ ಕಂಡ ನೆಂಗ್ನೆಯ್ ಕಿರುಚಲಿಲ್ಲ. ಅನಸೂಯಮ್ಮನ ತುರುಬಿಗೆ ಕೈಹಾಕಿ ಹೊರಗಿನ ಮಳೆಗೆ ಎಳೆದು ಹಾಕಿದಳು. ಮಿಕ್ಕವರನ್ನೂ ಹಾಗೇ ಎಳೆದಳು. ಕುಡಿಯುವ ನೀರಿನ ಡ್ರಮ್ಮನ್ನು ಬೆಂಕಿಯ ಮೇಲೆ ಉರುಳಿಸಿದಳು. ಎಲ್ಲರೂ ಹೊರಗಿದ್ದರೂ ಮತ್ತೆ ಒಳಗೆ ನುಗ್ಗಿ, ತನ್ನ ಭಾಷೆಯಲ್ಲಿ ಒಂದೇ ಮಾತನ್ನು ಕೂಗತೊಡಗಿದಳು.

“ಏನಂತಾಳಪ್ಪ?” ಎಂದು ಅನಸೂಯಮ್ಮ ಕೇಳಿದಳು.

“ನನ್ ಅಮ್ಮನ್ ಕರೀತಾಳೆ” ಎಂದ, ಹೊರಗೆ ಕಾಯಿ ಇಳಿಸುತ್ತಿದ್ದಲ್ಲಿಂದ ಓಡಿ ಬಂದ ಲಾಲ್. “ಒಳಗೆ ಅಮ್ಮ ಇದಾಳೆ ಅಂತಾಳೆ.”

ಏಕಾಂತಯ್ಯ ಬಂದವನೇ ಮೊದಲು ಅಟ್ಟ ನೋಡಿದ. “ಕಾಯಿಗೆಲ್ಲಾ ಆವಿ ಹೊಡೀತು! ಇನ್ನು ಕೊಳೀತದೆ ಬುಡು! ಎಲ್ಲಿಂದ ತಂದ್ಯಲಾ ರುದ್ರ ಈ ಹುಚ್ಚೀನ?”

“ಹುಚ್ಚಲ್ಲ ಸಾವ್ಕಾರ್ರೇ, ಹೆದ್ರಿಕೆ” ಎಂದಳು ಅನಸೂಯಮ್ಮ. “ಲಾರಿ ಉರುಳಿದ್ಮೇಲೆ ನಮ್ಮ ಮೈದ್ನಂಗೂ ಹಿಂಗೇ ಆಗಿತ್ತು. ತಾಲ್ಲೂಕಾಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟ್ರು ಬತ್ತಾರೆ. ಒಂದೊತ್ತು ಬುಡಿ, ನಾನೇ ಕರ್ಕಂಡೋಗಿ ಬತ್ತೀನಿ.”

“ಬುಧವಾರ ಮಾರ್ಕೆಟ್ಟು. ಮಂಗಳವಾರ ನೀವಿಬ್ರೂ ಹೋದ್ರೆ ಕೊಬ್ರಿ ನಾನು ಒಡೀಲಾ?”

“ಕೂತ್ಕಳಿ, ಹೇಳ್ಕೊಡ್ತೀವಿ.”

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಏಕಾಂತಯ್ಯ ನಗಲಿಲ್ಲ. ಆಸ್ಪತ್ರೆಯವರು ಎಲ್ಲಿ ಕೆಲಸ, ಎಲ್ಲಿ ವಾಸ ಎಂದು ಕೇಳುತ್ತಾರೆ. ಅಟ್ಟದ ಕೆಳಗೆ ಜನ ಮಲಗುವ ಸುದ್ದಿ ಹೊರಗೆ ಹೋಗುವುದು ಅವನಿಗೆ ಬೇಕಿರಲಿಲ್ಲ. ತನ್ನ ತಾಯಿ ಗುರುಸಿದ್ದಮ್ಮನಿಗೆ ಡಾಕ್ಟರು ಬರೆದಿದ್ದ ನಿದ್ದೆ ಮಾತ್ರೆಯನ್ನು ಅದೇ ಚೀಟಿ ತೋರಿಸಿ ಇನ್ನಷ್ಟು ತರಿಸಿದ. ರಾತ್ರಿಗೆ ಕೊಡು ಎಂದು ರುದ್ರೇಶನಿಗೆ ಹೇಳಿದ. ಬೆಳಿಗ್ಗೆ ಅವಳ ಕೈ ನಡುಗಿದ್ದು ಕಂಡು ಹಗಲಿಗೂ ಕೊಡು ಎಂದ.

ಈಗ ಕಾಯಿ ಉರುಳಿದರೂ ನೆಂಗ್ನೆಯ್ ಏಳುತ್ತಿರಲಿಲ್ಲ. ಹೊಗೆ ಹಾಕಿದರೂ ಅಲ್ಲೇ ಕೂತಿರುತ್ತಿದ್ದಳು.

“ನೋಡ್ದೇನ್ಲಾ ರುದ್ರ? ಡಾಕ್ಟ್ರು ಬೇಕಂತೆ, ಡಾಕ್ಟ್ರು” ಎಂದ ಏಕಾಂತಯ್ಯ.

ಒಂದು ದಿನ ನೆಂಗ್ನೆಯ್ ತನಗೆ ಬರುವಷ್ಟು ಕನ್ನಡದಲ್ಲಿ ಹೇಳಿದಳು: “ಅಕ್ಕ, ನಿದ್ದೇಲಿ ಮನೆ ಸುಡ್ತದೆ. ಮುಂಚೆ ಓಡ್ತಿದ್ದೆ. ಈಗ ಕಾಲು ಬರಲ್ಲ.”

ಅನಸೂಯಮ್ಮ ನೇರ ಆಫೀಸು ರೂಮಿಗೆ ಹೋದಳು. “ಆ ಮಾತ್ರೆ ಕೊಡಬ್ಯಾಡಿ. ಡಾಕ್ಟ್ರಿಗೆ ತೋರ್ಸಿ.”

“ನೀನೇನು ಡಾಕ್ಟ್ರಾ?”

“ನೀವಾ?”

“ಕೆಲ್ಸ ಬೇಕೋ ಬ್ಯಾಡ್ವೋ ನಿಂಗೆ?”

ಅನಸೂಯಮ್ಮ ವಾಪಸು ಬಂದು ಮಚ್ಚು ಹಿಡಿದಳು.

ಕೊಬ್ಬರಿ ಒಡೆಯುವವರು ಕಾಯಿಯನ್ನು ಎಡಗೈಯಲ್ಲಿ ಹಿಡಿದು ತಿರುಗಿಸುತ್ತಾ ಬಲಗೈಯ ಮಚ್ಚಿನಿಂದ ಚಿಪ್ಪು ಬಿಡಿಸುತ್ತಾರೆ. ಕಣ್ಣು ಆಚೀಚೆ ಹೋಗುವಂತಿಲ್ಲ. ಸೋಮವಾರ ಬೆಳಿಗ್ಗೆ ನೆಂಗ್ನೆಯ್‌ಳ ತಲೆ ಎದೆಗೆ ವಾಲಿತು. ಮಚ್ಚು ಕೆಳಗಿಳಿಯಿತು. ಬೆರಳುಗಳು ಚಿಪ್ಪಿನ ರಾಶಿಗೆ ಬಿದ್ದವು. ಅವಳು ಕೂಗಲಿಲ್ಲ. ಯಾರದೋ ಕೈ ಎಂಬಂತೆ ಅದನ್ನೇ ನೋಡಿದಳು. ಕೂಗಿದ್ದು ಅನಸೂಯಮ್ಮ.

ಏಕಾಂತಯ್ಯ ಓಡಿ ಬಂದ. “ರಕ್ತ ಆಗಿರೋ ಕೊಬ್ರಿ ಬ್ಯಾರೆ ತಗಂಡು ಮಡಗ್ಲಾ, ರುದ್ರ” ಎಂದ.

ಯಾವುದೋ ಕ್ಲಿನಿಕ್ಕಿನಲ್ಲಿ ಕೈಗೆ ಹೊಲಿಗೆ ಹಾಕಿಸಿದರು. ನಾಳೆಯೇ ಜಾಗ ಖಾಲಿ ಮಾಡಿ ಎಂದು ಏಕಾಂತಯ್ಯ ಲಾಲ್‌ಗೆ ಹೇಳಿದ.

ಮಂಗಳವಾರ ಹೆಂಗಸರು ಬಂದರು, ಕೂರಲಿಲ್ಲ. ಅನಸೂಯಮ್ಮ ತನ್ನ ಮಚ್ಚನ್ನು ಆಫೀಸು ರೂಮಿನ ಹೊಸ್ತಿಲ ಮೇಲಿಟ್ಟಳು. ಅದರ ಪಕ್ಕ ಇನ್ನೊಂದು. ಹೀಗೆ ನಾಲ್ಕು.

“ಬೆರಳು ಹೋಗಿರೋದು ಅವಳ್ದು. ನಿಮಗೇನ್ರೇ ಬಂತು ರೋಗ?” ಎಂದ ಏಕಾಂತಯ್ಯ.

“ಬೆಂಕಿ ಬಿದ್ದೈತೆ ಅಂದ್ಕಂಡು ಮೊದ್ಲು ನಮ್ಮನ್ನ ಎಳೆದಾಕಿದ್ಲು” ಎಂದಳು ಅನಸೂಯಮ್ಮ. “ನೀವು ಮೊದ್ಲು ಕಾಯಿ ನೋಡಿದ್ರಿ.”

ಲಾಲ್‌ನನ್ನೂ ನೆಂಗ್ನೆಯ್‌ಳನ್ನೂ ನಡುವೆ ಹಾಕಿಕೊಂಡು ನಾಲ್ವರೂ ಬಸ್ಸು ಹತ್ತಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಮಾತ್ರೆಯ ಶೀಟನ್ನು ತಿರುಗಿಸಿ ನೋಡಿದರು. “ಇದನ್ನ ಹಗಲೂ ನುಂಗು ಅಂದೋರು ಯಾರು?”

“ಕೊಬ್ರಿ ಡಾಕ್ಟ್ರು” ಎಂದಳು ಅನಸೂಯಮ್ಮ.

ಡಾಕ್ಟರು ಲಾಲ್‌ನ ಹತ್ತಿರ ಹಿಂದಿಯಲ್ಲಿ ಕೇಳಿದರು, ಲಾಲ್ ಹೆಂಡತಿಗೆ ಕೇಳಿದ. ನೆಂಗ್ನೆಯ್ ಮಾತಾಡಿದಳು. ತುಂಬಾ ಹೊತ್ತು ಮಾತಾಡಿದಳು. ಹೊರಗೆ ಬೇರೆ ರೋಗಿಗಳು ಗೊಣಗಿದರು, ಡಾಕ್ಟರು ನಿಲ್ಲಿಸಲಿಲ್ಲ. ಇದು ವಾಸಿಯಾಗುವ ಕಾಯಿಲೆ, ಆದರೆ ತಿಂಗಳುಗಟ್ಟಲೆ ಬರಬೇಕು ಎಂದರು. ಮಾತ್ರೆಯನ್ನು ಹೇಗೆ ಕಮ್ಮಿ ಮಾಡಬೇಕೆಂದು ಹೇಳಿದರು. “ಹೊಗೆ ಇರೋ ಕಡೆ ಮಲಗಿಸಬೇಡಿ. ಶೆಡ್ಡು ಯಾರದು?”

ಅನಸೂಯಮ್ಮ ಏಕಾಂತಯ್ಯನ ಹೆಸರನ್ನು ಅವನ ಅಪ್ಪನ ಹೆಸರು, ಊರು ಸಮೇತ ಹೇಳಿದಳು. “ಬರ್ಕಳಿ ಸಾರ್” ಎಂದಳು. ಡಾಕ್ಟರು ಬರೆದುಕೊಂಡರು.

ಅವರು ವಾಪಸು ಬರುವಷ್ಟರಲ್ಲಿ ಗೇಟಿಗೆ ಬೀಗ ಬಿದ್ದಿತ್ತು. ಗಂಡ ಹೆಂಡತಿಯ ಬಟ್ಟೆಗಂಟು ಹೊರಗೆ ಮಳೆಯಲ್ಲಿತ್ತು. ಒಳಗಡೆ ರುದ್ರೇಶ್ ಛತ್ರಿ ಹಿಡಿದು ನಿಂತಿದ್ದ.

“ನಿಮ್ಮಲ್ಲಿ ಯಾರೂ ಇನ್ನು ಬರಬ್ಯಾಡಿ ಅಂದವ್ರೆ, ಅನಸೂಯಕ್ಕ.”

“ಬರಲ್ಲ ಬುಡು. ಅಟ್ಟದ ಕಾಯಿ ಕೊಳೀತಾ ಹೇಳು.”

ರುದ್ರೇಶ್ ನೆಲ ನೋಡಿದ. “ಇಲ್ಲ.”

ಅನಸೂಯಮ್ಮ ಒದ್ದೆ ಗಂಟನ್ನು ತಲೆ ಮೇಲೆ ಹೊತ್ತು ತನ್ನ ಮನೆಯ ದಾರಿ ಹಿಡಿದಳು. ಮಿಕ್ಕವರು ಹಿಂದೆ ನಡೆದರು.

ಹೋದದ್ದು ಇಷ್ಟು: ನೆಂಗ್ನೆಯ್‌ಳ ಎಡಗೈಯ ಎರಡು ಬೆರಳು. ಆರು ಜನರ ಕೆಲಸ. ಮಲಗಲು ಇದ್ದ ಒಂದು ಮೂಲೆ. ಅಟ್ಟದ ಮೇಲಿನ ಕಾಯಿ ಮಾತ್ರ ಒಂದೂ ಹೋಗಲಿಲ್ಲ.