ಕೈ ಮಾಡದವರ ಸಭೆ

ದೊಡ್ಡವರ ಮೇಲೆ ಸೇಡು ತೀರಿಸಿಕೊಳ್ಳಬೇಕೆಂದು ನಾನು ಆರು ವರ್ಷ ಕಾದೆ. ಮುಚ್ಚಿಟ್ಟು ಏನು ಪ್ರಯೋಜನ? ನಮ್ಮ ಮತದವರು ಯಾರ ಮೇಲೂ ಕೈ ಮಾಡುವಂತಿಲ್ಲ, ಬಂದೂಕು ಹಿಡಿಯುವಂತಿಲ್ಲ, ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳುವಂತಿಲ್ಲ. ಮೊದಲಿನ ಎರಡನ್ನು ನಾನು ಪಾಲಿಸಿದ್ದೇನೆ.

ದೊಡ್ಡವರೆಂದರೆ ನಮ್ಮ ಸಭೆಯ ಹಿರಿಯರು. ಸೈನ್ಯದಿಂದ ಕರೆ ಬಂದ ಹುಡುಗರಿಗೆ ಅವರೊಂದು ಪತ್ರ ಕೊಡುತ್ತಾರೆ: ಇವನು ನಮ್ಮವನು, ಯಾರ ಮೇಲೂ ಕೈ ಮಾಡಿದವನಲ್ಲ ಎಂದು. ಅದನ್ನು ತೋರಿಸಿದರೆ ಸರ್ಕಾರ ಬಿಟ್ಟುಬಿಡುತ್ತದೆ. ಸಹಿ ಹಾಕುವ ಮುಂಚೆ ಪತ್ರವನ್ನು ಸಭೆಯಲ್ಲಿ ಓದಿ, ಇವನು ಕೈ ಮಾಡಿದ್ದನ್ನು ಕಂಡವರಿದ್ದರೆ ಎದ್ದು ನಿಲ್ಲಿ ಎಂದು ಕೇಳುತ್ತಾರೆ. ಒಬ್ಬರು ಎದ್ದರೂ ಪತ್ರ ನಿಂತುಹೋಗುತ್ತದೆ. ಇನ್ನೊಂದು ನಿಯಮವೂ ಉಂಟು. ಹಿರಿಯರೇ ಕೈ ಮಾಡಿದರೆ, ಏಟು ತಿಂದೂ ಸುಮ್ಮನಿದ್ದವರು ಅವತ್ತು ಅವರ ಕುರ್ಚಿಯಲ್ಲಿ ಕೂತು ಅವರ ಬದಲು ಸಹಿ ಹಾಕಬೇಕು. ಅದನ್ನು ಮಕ್ಕಳಿಗೆ ಹೇಳಿಕೊಟ್ಟು ನಾವೇ ನಗುತ್ತಿದ್ದೆವು. ಅಂಥದ್ದು ಯಾರ ಕಾಲದಲ್ಲೂ ನಡೆದಿರಲಿಲ್ಲ.

ನನ್ನ ತಮ್ಮ ನನ್ನ ಹೊಲಿಗೆ ಅಂಗಡಿಯಲ್ಲೇ ಕಾಜಾ, ಗುಂಡಿಯ ಕೆಲಸ ಮಾಡುತ್ತಿದ್ದ. ಒಂದು ಮಧ್ಯಾಹ್ನ ಗಿರಾಕಿಯೊಬ್ಬ ಕೋಟು ತಡವಾಯಿತೆಂದು ರೇಗಿ ನನ್ನ ಕೈ ಹಿಡಿದು ತಿರುಚಿದ. ತಮ್ಮ ಸೂಜಿ ಬಿಸಾಡಿ ಎದ್ದು ಬಂದವನೇ ಅವನ ಕೆನ್ನೆಗೆ ಒಂದು ಬಾರಿಸಿದ. ಆ ಮನುಷ್ಯ ಹೋದ ಮೇಲೆ ತಪ್ಪು ಮಾಡಿಬಿಟ್ಟೆನೆಂದು ಕತ್ತರಿ ಮೇಜಿನ ಕೆಳಗೆ ಕೂತು ಅತ್ತ. ಕಂಡವಳು ನಾನೊಬ್ಬಳೇ.

ತಿಂಗಳೊಳಗೆ ಅವನಿಗೆ ಕರೆ ಬಂತು. ಸಭೆಯಲ್ಲಿ ಪತ್ರ ಓದಿ ಕೇಳಿದಾಗ ಎದ್ದವಳು ಬೇರೆ ಯಾರೂ ಅಲ್ಲ, ನಾನೇ. ದೇವರ ಮುಂದೆ ಸುಳ್ಳು ಬೇಡ, ನಡೆದದ್ದು ನಡೆದ ಹಾಗೆ ಹೇಳಿದರೆ ಇವರು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಂಬಿದ್ದೆ, ಪೆದ್ದಿ. ಹೊಡೆದದ್ದು ಹೌದು, ಆದರೆ ಎನ್ನುವಷ್ಟರಲ್ಲಿ ದೊಡ್ಡವರು ಕೈ ಅಡ್ಡ ಹಿಡಿದರು.

"ಆದರೆ ಗೀದರೆ ಬೇಡಮ್ಮ. ಯಾಕೆ ಹೊಡೆದ ಅಂತ ದೇವರು ಕೇಳಲ್ಲ."

ಸಹಿಯಿಲ್ಲದ ಆ ಕಾಗದವನ್ನು ಮೇಜಿನಿಂದ ಎತ್ತಿಕೊಂಡು ಬಂದೆ. ತಮ್ಮ ಸೈನ್ಯಕ್ಕೆ ಹೋದ ಏಳನೆಯ ತಿಂಗಳಿಗೆ ಅವನು ಸತ್ತ ಸುದ್ದಿಯೂ ಅವನ ಟ್ರಂಕೂ ಒಟ್ಟಿಗೇ ಬಂದವು. ನಾನು ಹೊಲಿದು ಕಳಿಸಿದ್ದ ಅಂಗಿಯ ಮಡಿಕೆ ಕೂಡ ಬಿಚ್ಚಿರಲಿಲ್ಲ. ಆ ಕಾಗದ ಅವತ್ತಿನಿಂದ ನನ್ನ ಚೀಲದಲ್ಲೇ ಇದೆ, ಅಳತೆ ಟೇಪಿನ ಪಕ್ಕದಲ್ಲಿ.

ಕಳೆದ ತಿಂಗಳು ದೊಡ್ಡವರ ಮೊಮ್ಮಗನಿಗೆ ಕರೆ ಬಂತು. ಸುದ್ದಿ ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಪಾಪದವನು, ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವವನು. ಇರಲಿ, ನನಗೇನು? ಬಾಯಿ ಬಿಟ್ಟು ಸುಳ್ಳು ಹೇಳುವ ಕಷ್ಟವೂ ಇರಲಿಲ್ಲ. ಎದ್ದು ನಿಂತರೆ ಸಾಕಿತ್ತು.

ಸಭೆಯ ದಿನ ಮೊದಲ ಬೆಂಚಿನಲ್ಲೇ ಕೂತೆ. ದೊಡ್ಡವರು ಪತ್ರ ಓದಿ, ಎಂದಿನಂತೆ ಕೇಳಿ, ಯಾರು ಎದ್ದಾರೆಂದು ನೋಡುವ ಗೋಜಿಗೂ ಹೋಗದೆ ಪೆನ್ನಿನ ಮುಚ್ಚಳ ತೆಗೆದರು. ನಾನು ಎದ್ದೆ. ಕೂತ್ಕೋ ಎಂದರು, ಕೂರಲಿಲ್ಲ. ಮೇಜು ಸುತ್ತಿ ನನ್ನೆದುರಿಗೇ ಬಂದು, ನನ್ನ ಮೊಮ್ಮಗ ಯಾರಿಗೆ ಏನು ಮಾಡಿದ ಹೇಳು ಎಂದರು. ನಾನು ಅವರ ಮುಖ ನೋಡಿ ನಕ್ಕೆ, ಅಷ್ಟೇ. ಫಟ್ಟೆಂದು ಕೆನ್ನೆಗೆ ಬಿತ್ತು.

ದೊಡ್ಡವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾ, ಆದರೆ ಇವಳು, ಎಂದು ಶುರುಮಾಡಿದರು.

"ಆದರೆ ಗೀದರೆ ಬೇಡ. ಯಾಕೆ ಹೊಡೆದ್ರಿ ಅಂತ ನಾನೂ ಕೇಳಲ್ಲ," ಎಂದೆ.

ಹಿಂದಿನ ಬೆಂಚಿನಿಂದ ಯಾರೋ ಆ ಹಳೆಯ ನಿಯಮವನ್ನು ನೆನಪಿಸಿದರು. ಹೋಗಿ ಕುರ್ಚಿಯಲ್ಲಿ ಕೂತೆ. ಮೊಮ್ಮಗನ ಪತ್ರ ಮುಂದೆಯೇ ಇತ್ತು. ಹುಡುಗ ನನ್ನ ಕೆನ್ನೆ ನೋಡಿಕೊಂಡು ಅಳುತ್ತಿದ್ದ, ತನಗಾಗಿ ಅಲ್ಲ. ನನಗೆ ಕತ್ತರಿ ಮೇಜಿನ ಕೆಳಗೆ ಕೂತವನ ನೆನಪಾಯಿತು.

ಅವನ ಪತ್ರವನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ತಮ್ಮನ ಕಾಗದ ತೆಗೆದು ಗಟ್ಟಿಯಾಗಿ ಓದಿದೆ. ಕಂಡವರಿದ್ದರೆ ಎದ್ದು ನಿಲ್ಲಿ ಎಂದು ಕೇಳಿದೆ. ಎಲ್ಲರೂ ನನ್ನನ್ನೇ ನೋಡಿದರು. ನಾನು ಕುರ್ಚಿಯಿಂದ ಅಲ್ಲಾಡಲಿಲ್ಲ. ಸಹಿ ಹಾಕಿದೆ. ಆರು ವರ್ಷದ ಹಿಂದೆ ನಾನು ಮಾಡಬೇಕಾಗಿದ್ದುದು ಇಷ್ಟೇ, ಸುಮ್ಮನೆ ಕೂತಿರುವುದು. ದೊಡ್ಡವರ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ ಎಂದು ಆಗ ಗೊತ್ತಾಯಿತು. ಹಾಗೆಂದು ಉಳಿದರ್ಧ ಆರಲಿಲ್ಲ.

ಆಮೇಲೆ ಮೊಮ್ಮಗನ ಪತ್ರ ಎಳೆದುಕೊಂಡೆ. ಹುಡುಗನ ಬಗ್ಗೆ ನನ್ನದೇನೂ ತಕರಾರಿಲ್ಲ, ಕಾಲು ಜೋಮು ಹಿಡಿದಿತ್ತೆಂದು ಎದ್ದೆ ಎಂದು ಸಭೆಗೆ ಹೇಳಿ ಅದಕ್ಕೂ ಸಹಿ ಹಾಕಿದೆ. ದೊಡ್ಡವರು ಕಣ್ಣು ತುಂಬಿಕೊಂಡು ನನ್ನ ಕೈ ಹಿಡಿಯಲು ಬಂದರು. ಹಿಂದಕ್ಕೆಳೆದುಕೊಂಡೆ.

"ಇವನು ಮನೇಲೇ ಇರಲಿ. ದಿನಾ ನಿಮ್ಮ ಎದುರಿಗೇ ಕೂತು ಊಟ ಮಾಡಲಿ. ನೋಡಿದಾಗೆಲ್ಲ ನಿಮಗೆ ನನ್ನ ತಮ್ಮ ಕಾಣಲಿ."

ಎಂಥ ದೊಡ್ಡ ಮನಸ್ಸು, ಕ್ಷಮಿಸಿಬಿಟ್ಟಳು ಎಂದು ಜನ ಹೊಗಳುತ್ತಾರೆ. ದೊಡ್ಡವರು ಮಾತ್ರ ಹೊಗಳುವುದಿಲ್ಲ. ಮೊಮ್ಮಗನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಿದ್ದಾರಂತೆ.