ಗೋಲಿನ ಮುಂದೆ ಮಣ್ಣಾದವರು

ಸತ್ತವರ ಬೂದಿ ಹುಲ್ಲಿಗೆ ಆಗಿಬರುವುದಿಲ್ಲ. ನಮ್ಮೂರು ಬ್ರಾಕ್ಲಿಯಲ್ಲಿ ಈ ಮಾತನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಇಲ್ಲಿನ ಗಂಡಸರು ಐವತ್ತು ವರ್ಷ ನಮ್ಮ ಫುಟ್ಬಾಲ್ ಕ್ಲಬ್ಬು ಸೋಲುವುದನ್ನು ನೋಡಿ, ಸಾಯುವ ಮುನ್ನ ಹೆಂಡತಿಯ ಕೈ ಹಿಡಿದು 'ನನ್ನ ಬೂದೀನ ಗೋಲಿನ ಮುಂದೆ ಹಾಕು' ಎನ್ನುತ್ತಾರೆ. ಬದುಕಿದ್ದಾಗ ಪಟ್ಟದ್ದು ಸಾಲದೇನೋ.

ನಾನು ವಿಲ್ಫ್. ಮೂವತ್ತೊಂದು ವರ್ಷ ಆ ಮೈದಾನದ ಹುಲ್ಲು ನೋಡಿಕೊಂಡವನು. ಬೂದಿ ಬಂದಾಗಲೆಲ್ಲ ಕ್ರಮ ಒಂದೇ. ಹುಲ್ಲನ್ನು ಮೂರು ಕಡೆ ಕೊಯ್ದು ಮುಚ್ಚಳದಂತೆ ಎತ್ತುತ್ತೇನೆ. ಪಾದ್ರಿ ನಾಲ್ಕು ಮಾತು ಹೇಳುತ್ತಾರೆ, ಮನೆಯವರು ಬೂದಿ ಸುರಿಯುತ್ತಾರೆ, ನಾನು ಮುಚ್ಚಿ ಬೂಟಿನಿಂದ ಮೆಲ್ಲಗೆ ಒತ್ತುತ್ತೇನೆ. ಅವರು ಟೀ ಕುಡಿದು ಗೇಟು ದಾಟಿದ ಮೇಲೆ ಬೂದಿಯನ್ನು ಮಣ್ಣಿನ ಸಮೇತ ಅಗೆದು, ನನ್ನ ಸಾಮಾನಿನ ಶೆಡ್ಡಿನ ಹಿಂದೆ ಹೂಳಿ, ಗುಂಡಿಗೆ ಬೇರೆ ಹುಲ್ಲು ಕೂರಿಸುತ್ತೇನೆ. ಇಲ್ಲದಿದ್ದರೆ ಹದಿನೈದು ದಿನದಲ್ಲಿ ಅಲ್ಲಿ ತಟ್ಟೆಯಗಲ ಹಳದಿ ಕಲೆ. ಶನಿವಾರ ರೆಫರಿ ಬಂದು 'ಇದೇನು' ಎಂದರೆ 'ಅದು ಸ್ಟಾನ್ಲಿ' ಎನ್ನಲಾಗುತ್ತದೆಯೇ?

ಹೀಗೆ ನಲವತ್ತಮೂರು ಜನ ಶೆಡ್ಡಿನ ಹಿಂದಿದ್ದಾರೆ. ಒಬ್ಬಳನ್ನು ಮಾತ್ರ ಎತ್ತಲಿಲ್ಲ. ನನ್ನ ಹೆಂಡತಿ ಮೇವಿಸ್. ಆರು ವರ್ಷದಿಂದ ಉತ್ತರದ ಗೋಲಿನ ಎಡಗಂಬದ ಬಳಿ ಇದ್ದಾಳೆ. ಮೊದಲೆರಡು ವರ್ಷ ಅಲ್ಲಿ ಹುಲ್ಲು ಹಿಡಿಯಲೇ ಇಲ್ಲ. ಪ್ರತಿ ಶುಕ್ರವಾರ ಹಸಿರು ಬಣ್ಣ ಬಳಿದು ಮರೆಮಾಡಿದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಗೊತ್ತು.

ಈ ಮೇ ತಿಂಗಳಲ್ಲಿ ಕ್ಲಬ್ಬನ್ನು ಹೊಸಬರು ಕೊಂಡರು. ಒಂದಡಿ ಮಣ್ಣು ಕಿತ್ತು, ಮರಳು ತುಂಬಿ, ಹೊಸ ಹುಲ್ಲಿನ ನಡುವೆ ಯಂತ್ರದಿಂದ ಪ್ಲಾಸ್ಟಿಕ್ ಎಳೆ ಹೊಲಿಯುತ್ತಾರಂತೆ. ಹುಲ್ಲನ್ನು ಹೊಲಿಯುವುದು. ಅದಕ್ಕೆ ದರ್ಜಿ ಸಾಕಲ್ಲ; ಇನ್ನು ನಾನು ಬೇಡ ಎಂದರು. ಹಳೆ ಮಣ್ಣೆಲ್ಲ ಊರಾಚೆಯ ಕಸದ ಗುಂಡಿಗೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಜೆಸಿಬಿ ಬರುವುದಿತ್ತು.

ಅಷ್ಟರೊಳಗೆ ಮೇವಿಸ್‌ಳನ್ನು ಎತ್ತಿಕೊಂಡು ಬಂದುಬಿಡೋಣವೆಂದು ಏಳಕ್ಕೇ ಸಲಿಕೆ ಹಿಡಿದು ಹೋದೆ. ಗೇಟಿನ ಬಳಿ ಮಿಸೆಸ್ ಓಗ್ಡನ್ ಮಡಿಸುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಂಬತ್ತೆರಡು ವರ್ಷ, ತೊಡೆಯ ಮೇಲೆ ಖಾಲಿ ಬಿಸ್ಕತ್ ಡಬ್ಬಿ. ಅವರ ಗಂಡ ಹೊರೇಸ್‌ರನ್ನು ಒಂಬತ್ತು ವರ್ಷದ ಹಿಂದೆ ಪೆನಾಲ್ಟಿ ಚುಕ್ಕೆಯ ಪಕ್ಕ ಹಾಕಿದ್ದು ನಾನೇ. ತೆಗೆದದ್ದೂ ನಾನೇ.

"ಬಂದ್ಯಾ ವಿಲ್ಫ್? ಸಲಿಕೆನೂ ತಂದಿದೀಯ, ಒಳ್ಳೇದಾಯ್ತು. ನಮ್ಮವರನ್ನ ಎತ್ತಿಕೊಡು. ಕಸದ ಗುಂಡಿಗೆ ಹೋಗೋ ಅಂಥ ತಪ್ಪು ಅವರೇನೂ ಮಾಡಿಲ್ಲ."

ಒಂದು ಹೆಂಟೆ ಮಣ್ಣು ಡಬ್ಬಿಗೆ ಹಾಕಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಇಬ್ಬರೂ ಒಳಗೆ ಹೋಗಿ, ಚುಕ್ಕೆಯ ಪಕ್ಕ ಸಲಿಕೆ ಊರಿಯೂ ಆಯಿತು. ಆಕೆ ಮುಚ್ಚಳ ತೆಗೆದು, ಡಬ್ಬಿಯ ಒಳಗನ್ನು ಕರವಸ್ತ್ರದಿಂದ ಇನ್ನೊಮ್ಮೆ ಒರೆಸಿದರು. ನನಗೆ ನಾಚಿಕೆಯಾಯಿತು.

"ಮಿಸೆಸ್ ಓಗ್ಡನ್, ಅವರು ಇಲ್ಲಿಲ್ಲ."

"ಸತ್ತವರು ಎಲ್ಲಿಗೆ ಹೋಗ್ತಾರೆ ಅಂತ ಪಾದ್ರಿ ಹೇಳಿದಾರೆ. ನೀನು ಅಗಿ."

"ಅಲ್ಲಿಗಲ್ಲ. ಶೆಡ್ಡಿನ ಹಿಂದೆ ಇದಾರೆ."

ಎಲ್ಲವನ್ನೂ ಹೇಳಿದೆ. ಆಕೆ ಡಬ್ಬಿಯ ಮುಚ್ಚಳ ಹಾಕಿದರು.

"ಒಂಬತ್ತು ವರ್ಷ ಪ್ರತಿ ಶನಿವಾರ ಈ ಚುಕ್ಕೆಗೆ ಕೈ ಬೀಸಿದೀನಲ್ಲೋ. ಪಕ್ಕದವರು ಗೋಲ್‌ಕೀಪರ್‌ಗೆ ಅಂದ್ಕೊಂಡಿದಾರೆ. ನಿನ್ನ ಮನೆ ಕಾಯ್ವಾಗ."

"ಹುಲ್ಲು ಸುಟ್ಟು ಹೋಗ್ತಿತ್ತು."

"ಹುಲ್ಲಂತೆ. ಶೆಡ್ಡಿನ ಹಿಂದಿಂದ ಆಟ ಕಾಣತ್ತಾ?"

"ಇಲ್ಲ."

"ಹಾಗಾದ್ರೆ ಒಂಬತ್ತು ವರ್ಷ ನೆಮ್ಮದಿಯಾಗಿದಾರೆ ಬಿಡು. ಜೆಸಿಬಿ ಅಲ್ಲಿಗೂ ಬರತ್ತಾ?"

"ಇಲ್ಲ. ಮೈದಾನ ಮಾತ್ರ."

"ಮತ್ತೆ ಸಲಿಕೆ ಯಾಕೆ ತಂದೆ?"

"ಮೇವಿಸ್‌ಗೆ. ಅವಳನ್ನ ಎತ್ತಿರಲಿಲ್ಲ."

ಆಕೆಯ ಮುಖ ಕೆಂಪಾಯಿತು. ಬೈಗುಳಕ್ಕೆ ಕಾದೆ, ಬರಬೇಕಾದ್ದೇ. ಬಂದದ್ದು ಪ್ರಶ್ನೆ.

"ಮೇವಿಸ್‌ಗೆ ಫುಟ್ಬಾಲ್ ಕಂಡ್ರೇ ಆಗ್ತಿರ್ಲಿಲ್ಲ. ಒಂದು ದಿನ ಈ ಗೇಟೊಳಗೆ ಕಾಲಿಟ್ಟವಳಲ್ಲ. ಅವಳನ್ನ ಯಾಕೋ ಇಲ್ಲಿಟ್ಟೆ?"

"ನಾನು ಇಡೀ ದಿನ ಇಲ್ಲೇ ಇರ್ತಿದ್ನಲ್ಲ."



"ಅವಳು ಬದುಕಿದ್ದಾಗ್ಲೂ ಇಲ್ಲೇ ಇರ್ತಿದ್ದೆ," ಎಂದರು.

ಕಂಬದ ಬಳಿ ಹೋಗಿ, ಮೊಣಕಾಲೂರಿ ಕೊಯ್ಯತೊಡಗಿದೆ. ಆಕೆ ಹಿಂದೆಯೇ ಬಂದು ಡಬ್ಬಿ ಮುಂದೆ ಹಿಡಿದರು.

"ಇದಕ್ಕೆ ಹಾಕ್ಕೋ. ನಮ್ಮವರು ಇದ್ದಲ್ಲೇ ಇರ್ಲಿ. ಉಳಿದ ಮನೆಯವರಿಗೆ ನಾನು ಹೇಳ್ತೀನಿ, ನೀನು ಹೇಳಿದ್ರೆ ಹೊಡೀತಾರೆ. ಇವಳನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ?"

"ಮನೆಗೆ."

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ನಮ್ಮ ಮನೆಯ ಮುಂದೆ ಹುಲ್ಲಿಲ್ಲ, ಎಲ್ಲ ಕಲ್ಲುಚಪ್ಪಡಿ. ಒಂದಿಷ್ಟು ಹುಲ್ಲು ಹಾಕು ಎಂದು ಮೇವಿಸ್ ಮದುವೆಯಾದ ವರ್ಷದಿಂದ ಕೇಳುತ್ತಿದ್ದಳು. ಇಡೀ ದಿನ ಹುಲ್ಲು ನೋಡಿ ಸಾಕಾಗಿದೆ, ಮನೆಯಲ್ಲೂ ಅದೇ ಬೇಡ ಎನ್ನುತ್ತಿದ್ದೆ. ಒಂದು ಚಪ್ಪಡಿ ಎಬ್ಬಿಸಿ, ಕೆಳಗಿನ ಮಣ್ಣು ಸಡಿಲಿಸಿ, ಹುಲ್ಲಿನ ಸಮೇತ ಅವಳನ್ನು ಕೂರಿಸಿದೆ. ಬೇರು ಹಿಡಿದಿದೆ. ಹುಲ್ಲು ಕೊಯ್ಯುವ ಯಂತ್ರ ಆಡಿಸುವಷ್ಟು ಜಾಗವಿಲ್ಲದ ಕಾರಣ, ವಾರಕ್ಕೊಮ್ಮೆ ನೆಲಕ್ಕೆ ಕೂತು ಅವಳ ಹೊಲಿಗೆ ಕತ್ತರಿಯಿಂದಲೇ ಹುಲ್ಲು ಕತ್ತರಿಸುತ್ತೇನೆ.