ಅಧಿಕಮಾಸದಲ್ಲಿ ಮಾಡಿದ ಮನೆ

ಹನ್ನೆರಡು ತಿಂಗಳಿಗೂ ಒಬ್ಬೊಬ್ಬ ಒಡೆಯ ಸಿಕ್ಕ ಮೇಲೆ, ಹದಿಮೂರನೆಯದಾಗಿ ಬಂದ ಅಧಿಕಮಾಸ ಯಾರಿಗೂ ಬೇಡವಾಯಿತಂತೆ. ಅದರಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಹೊಸ ಮನೆಯ ಹೊಸ್ತಿಲು ದಾಟುವಂತಿಲ್ಲ. ಅಳುತ್ತ ಬಂದ ಆ ತಿಂಗಳಿಗೆ ಭಗವಂತ ತನ್ನ ಹೆಸರನ್ನೇ ಕೊಟ್ಟು, ಪುರುಷೋತ್ತಮ ಮಾಸವೆಂದು ಕರೆದು ಕಣ್ಣೊರೆಸಿದ. ಮೂರು ವರ್ಷಕ್ಕೊಮ್ಮೆ ಬರುವ ಆ ತಿಂಗಳಲ್ಲಿ ಪುಣ್ಯ ಕಂಡವರು ಬಹಳ ಮಂದಿ. ಲಾಭ ಕಂಡವನು, ನನಗೆ ತಿಳಿದಂತೆ, ಆಂಧ್ರದ ಪತ್ತಿಕೊಂಡದ ಸಿದ್ದಬಸಪ್ಪ ಒಬ್ಬನೇ.

ಸಿದ್ದಬಸಪ್ಪ ಮಂಡಲ ಕಚೇರಿಯಲ್ಲಿ ಗುಮಾಸ್ತ. ದೈವಭಕ್ತ; ಒಂದು ಊದುಬತ್ತಿಯನ್ನು ಮುರಿದು ಎರಡು ದಿನ ಬೆಳಗುವಷ್ಟು ಭಕ್ತಿ. ಒಂದು ವರ್ಷ ಬೇಸಿಗೆಯ ರಜೆಯಲ್ಲಿ ಮನೆಮಂದಿಗೆಲ್ಲ ಸಮುದ್ರ ತೋರಿಸುತ್ತೇನೆಂದು ಹೊರಟ. ಆ ವರ್ಷ ಜ್ಯೇಷ್ಠಕ್ಕೆ ಅಧಿಕ ಬಂದಿತ್ತು. ಮದುವೆಗಳಿಲ್ಲದೆ ಡ್ರೈವರ್ ಉರುಕುಂದನ ಬಾಡಿಗೆ ವ್ಯಾನು ಬೇವಿನ ಮರದ ಕೆಳಗೆ ನಿಂತು ಕಾಗೆಗಳ ಹಿಕ್ಕೆ ಹೊರುತ್ತಿತ್ತು. ಅವನು ಅರ್ಧ ಬಾಡಿಗೆಗೆ ಒಪ್ಪಿದ. ಗೋಕರ್ಣದ ಆಚೆ, ರಜೆಗೆ ಬರುವವರಿಗೆಂದೇ ಇಟ್ಟ ಒಂದು ಮನೆ ಫೋನಿನಲ್ಲಿ ಸಿಕ್ಕಿತು. ಮಳೆಗಾಲ ಹತ್ತಿರ ಬಂದಿದ್ದರಿಂದ ಅದೂ ಅಗ್ಗ. ಎರಡು ಕೋಣೆ, ಒಂದು ಜಗಲಿ, ಗ್ಯಾಸು ಪಾತ್ರೆ ಸಮೇತ ಅಡುಗೆಮನೆ.

“ಲಾಡ್ಜ್ ಯಾಕ? ನಾ ಮನೀನ ಮಾಡೀನಿ,” ಎಂದು ಕಚೇರಿಯಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಸಾರಿದ. “ಹತ್ತು ಮಂದಿಗೆ ಲಾಡ್ಜಂದ್ರ ನಾಲ್ಕು ರೂಮು, ಮೂರು ಹೊತ್ತು ಹೋಟ್ಲು. ಮನಿ ಅಂದ್ರ? ನಮ್ಮ ಒಲಿ, ನಮ್ಮ ರೊಟ್ಟಿ. ಊಟಕ್ಕ ಒಂದು ಪೈಸಾ ಖರ್ಚಿಲ್ಲ.”

ಆ ಪೈಸೆ ಯಾರ ರಟ್ಟೆಯಿಂದ ಉಳಿಯುತ್ತದೆ ಎಂಬುದು ಅವನ ಹೆಂಡತಿ ಮಂಗಳಾಗೆ ಗೊತ್ತಿತ್ತು. ಗಂಡ, ಮಕ್ಕಳು, ಅತ್ತೆ ಪೀರಮ್ಮ, ನಾದಿನಿಯ ಸಂಸಾರ, ಡ್ರೈವರ್ ಉರುಕುಂದ. ನಾದಿನಿ ತವರಿನ ಪ್ರವಾಸಕ್ಕೆ ಬರುವವಳು. ತವರಿನಲ್ಲಿ ಹೆಣ್ಣುಮಗಳು ಹಿಟ್ಟು ಮುಟ್ಟಿದರೆ ಚೆನ್ನಾಗಿರುವುದಿಲ್ಲ. ದಿನಕ್ಕೆ ಐವತ್ತು ರೊಟ್ಟಿ, ಮೂರು ದಿನ. ಹತ್ತೊಂಬತ್ತು ವರ್ಷದ ಹಿಂದೆ ಮದುವೆಯ ಭೂಮದ ಊಟದಲ್ಲಿ ಮಂಗಳಾ ಕೂತು ಉಂಡಿದ್ದಳು, ಇನ್ನೊಬ್ಬರು ಬಡಿಸಿದ್ದರು. ಆಮೇಲೆ ಹಾಗೆ ಉಂಡ ನೆನಪಿಲ್ಲ. ಸಮುದ್ರ ಎಂದಾಗ ಆಕೆ ಆಸೆಪಟ್ಟದ್ದು ನೀರಿಗಲ್ಲ, ಕೂತು ಉಣ್ಣುವ ಒಂದು ಹೊತ್ತಿಗೆ.

“ಒಂದಿನಾರ ಹೊರಗ ಉಣ್ಣೋಣ್ರಿ,” ಎಂದಳು.

“ತಲಿ ನೆಟ್ಟಗ ಐತಿಲ್ಲ? ಮತ್ಯಾಕ ಮನಿ ಮಾಡೀನಿ?” ಎಂದು ಆತ ಜೋಳದ ಹಿಟ್ಟಿನ ಚೀಲದ ಬಾಯಿ ಬಿಗಿದ. ರೊಟ್ಟಿಯ ಹಂಚು, ಒಗ್ಗರಣೆಗೆ ಮಂಡಾಳಿನ, ಅಂದರೆ ಮಂಡಕ್ಕಿಯ, ಮೂಟೆ, ಶೇಂಗಾ ಚಟ್ನಿಯ ಡಬ್ಬಿ ಎಲ್ಲ ವ್ಯಾನಿನ ಮೇಲೇರಿದವು. ಪೀರಮ್ಮ ಎಲೆಯಡಿಕೆ ಮೆಲ್ಲುತ್ತ ನೋಡುತ್ತಿದ್ದಳು.

ನಸುಕಿನಲ್ಲಿ ಬಿಟ್ಟ ವ್ಯಾನು ಮಧ್ಯಾಹ್ನ ಮೂರಕ್ಕೆ ಆ ಮನೆಯ ಮುಂದೆ ನಿಂತಿತು. ತೆಂಗಿನ ಮರಗಳ ಸಂದಿಯಲ್ಲಿ ಸಮುದ್ರ ಬೆಳ್ಳಗೆ ಹೊಳೆಯುತ್ತಿತ್ತು. ಮಕ್ಕಳು ಅತ್ತ ಓಡಿದರು. ಮಂಗಳಾ ಸೆರಗು ಸಿಕ್ಕಿಸಿಕೊಂಡು ಇತ್ತ ಅಡುಗೆಮನೆಗೆ ಹೋಗಿ ಹಂಚು ಇಟ್ಟಳು.

ಪೀರಮ್ಮ ಮಾತ್ರ ಒಳಗೆ ಬರಲಿಲ್ಲ. ಜಗಲಿಯ ಮೇಲೆ ಕೂತು ಕೇಳಿದಳು: “ಹಾಲೆಲ್ಲೈತಿ?”

“ಚಾಕ್ಕೇನಬೇ?” ಎಂದ ಮಗ.

“ಉಕ್ಕಿಸಾಕಲೇ. ಹೊಸಾ ಮನಿ ಮಾಡೀಯಲ್ಲ? ಹಾಲು ಉಕ್ಕಿಸದ ಒಲಿ ಮ್ಯಾಲ ಹಂಚಿಡ್ತಾರೇನು?”

ಸಿದ್ದಬಸಪ್ಪ ನಕ್ಕ. ಅರ್ಧ ಲೀಟರ್ ಹಾಲಿನ ಖರ್ಚನ್ನು ಆತ ತಾಳಬಲ್ಲ. “ಆಯ್ತು ತಡಿ, ತರ್ತೀನಿ.”

“ಎಲ್ಲಿಗಿ ಹೊಂಟಿ? ಅಧಿಕಮಾಸದಾಗ ಹಾಲು ಉಕ್ಕಿಸ್ತಾರೇನು? ಈ ತಿಂಗಳಾಗ ಯಾರರ ಮನಿ ಮಾಡ್ತಾರೇನೋ ಸಿದ್ದಬಸ್ಯಾ?”

“ಹಂಗಾದ್ರ ಉಕ್ಕಿಸೋದು ಬ್ಯಾಡ.”

“ಉಕ್ಕಿಸದ ಒಲಿ ಹಚ್ಚಂಗಿಲ್ಲ.”

“ಯವ್ವಾ, ಇದು ಹಂಥಾ ಮನಿ ಅಲ್ಲಬೇ. ಮೂರು ದಿನದ್ದು. ಲಾಡ್ಜಿದ್ದಂಗ.”

“ಲಾಡ್ಜೇನು?” ಪೀರಮ್ಮ ಕನ್ನಡಕ ಸರಿಮಾಡಿಕೊಂಡು ಮನೆಯನ್ನು ಮೇಲಿಂದ ಕೆಳಗೆ ನೋಡಿದಳು. “ತಿಂಗಳಿಂದ ಊರ ತುಂಬ ಮನಿ ಮಾಡೀನಿ, ಮನಿ ಮಾಡೀನಿ ಅಂತ ಡಂಗುರ ಹೊಡದಿ. ಪಕ್ಕದ ಮನಿ ಮಾರೆಮ್ಮಗ ನಾನೂ ಹಂಗ ಹೇಳಿ ಬಂದೀನಿ. ಹೋಗಲಿ ಬಿಡು, ಲಾಡ್ಜಂದ್ರ ಲಾಡ್ಜು. ಲಾಡ್ಜಿನಾಗ ಯಾವ ಸೊಸಿ ರೊಟ್ಟಿ ಬಡೀತಾಳ?”

ಮಂಗಳಾ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಹಿಟ್ಟಿನ ಚೀಲದ ದಾರ. ಬಿಚ್ಚಲೋ ಬೇಡವೋ ತಿಳಿಯದೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಸಿದ್ದಬಸಪ್ಪ ಮಂಡಾಳಿನ ಮೂಟೆ ಬಿಚ್ಚಿಸಿದ. ಒಗ್ಗರಣೆಯಿಲ್ಲದ ಮಂಡಾಳನ್ನು ಬೊಗಸೆ ಬೊಗಸೆ ಹಂಚಿದ. ತಂಗಿಯ ಗಂಡ ಹೊನ್ನೂರಪ್ಪ ಒಂದು ಬೊಗಸೆ ಅಗಿದು, ನೀರು ಕುಡಿದು, ಭಾವನ ಮುಖ ನೋಡಿದ. ಹಸಿವು ಹೆಚ್ಚಾದರೆ ಅವನ ಬಾಯಲ್ಲಿ ತೆಲುಗು ಬರುತ್ತದೆ. ತೆಲುಗಿನಲ್ಲಿ ಮನೆಗೆ ಇಲ್ಲು ಅನ್ನುತ್ತಾರೆ.

“ಬಾವಾ, ಇಲ್ಲಾ, ಲಾಡ್ಜಾ? ಏದೋ ಒಕಟಿ ಚೆಪ್ಪು!” ಮನೆಯೋ ಲಾಡ್ಜೋ, ಯಾವುದೋ ಒಂದು ಹೇಳಿಬಿಡು ಎಂದ.

“ಇಲ್ಲ…” ಎಂದ ಸಿದ್ದಬಸಪ್ಪ, ಬತ್ತಿದ ದನಿಯಲ್ಲಿ. ಅದು ತೆಲುಗಿನ ಮನೆಯೋ ಕನ್ನಡದ ಇಲ್ಲವೋ ಆತನಿಗೇ ತಿಳಿಯಲಿಲ್ಲ.

“ದೇವರ ತಿಂಗಳು,” ಎಂದಳು ಪೀರಮ್ಮ, ಯಾರಿಗೂ ಅಲ್ಲದಂತೆ. “ಹತ್ತು ಮಂದೀಗಿ ಉಣ್ಣಾಕ ಇಟ್ರ ಪುಣ್ಯ. ಉಪಾಸ ಕೆಡವಿದ್ರ ಏನು ಬರ್ತೈತೋ, ಅವನೇ ಬಲ್ಲ.”

ಪಾಪಕ್ಕೆ ಹೆದರಿಯೋ, ಹೊನ್ನೂರಪ್ಪನಿಗೆ ಹೆದರಿಯೋ, ಸಿದ್ದಬಸಪ್ಪ ಚಪ್ಪಲಿ ಮೆಟ್ಟಿದ.

ರಸ್ತೆಯ ಆಚೆ ಒಂದು ಖಾನಾವಳಿ ಇತ್ತು. ಎಲ್ಲರೂ ಬಾಳೆಲೆಯ ಮುಂದೆ ಕೂತರು. ಅನ್ನದ ಬುಟ್ಟಿ ಬಂದ ಕೂಡಲೇ ಮಂಗಳಾ ಎದ್ದು, ಬಡಿಸುವ ಹೆಂಗಸಿನ ಕೈಯ ಸೌಟಿಗೆ ಕೈ ಚಾಚಿದಳು. ಹಿಂದಿನಿಂದ ಸೆರಗು ಜಗ್ಗಿತು.

“ಕೂಡ್ರು,” ಎಂದಳು ಪೀರಮ್ಮ.

ಗಂಡನ ಜೊತೆ ಪೀರಮ್ಮ ನೋಡಿದ ಕ್ಷೇತ್ರಗಳನ್ನೆಲ್ಲ ಛತ್ರದ ಒಲೆಯ ಹೊಗೆಯಲ್ಲೇ ನೋಡಿದ್ದಳು. ಕೆಲವು ಕಡೆ ದೇವರ ಮುಖ ನೆನಪಿಲ್ಲ, ಒಲೆಯ ಮುಖ ನೆನಪಿದೆ. ಅದನ್ನು ಆಕೆ ಯಾರಿಗೂ ಹೇಳಿದವಳಲ್ಲ.

“ಅನ್ನ ಬಡಿಸ್ಲಾ ಅಮ್ಮ?” ಎಂದಳು ಖಾನಾವಳಿಯ ಹೆಂಗಸು.

ಮಂಗಳಾಗೆ ಆ ಪ್ರಶ್ನೆಯನ್ನು ಕೇಳಿ ಗೊತ್ತೇ ಹೊರತು ಕೇಳಿಸಿಕೊಂಡು ಗೊತ್ತಿರಲಿಲ್ಲ. “ಬಡಸ್ರಿ,” ಎಂದಳು. ಎರಡನೆಯ ಸಲ ಕೇಳುವ ಮುಂಚೆಯೇ, “ಇನ್ನೊಂದೀಟು,” ಎಂದಳು.

ಮೂರು ದಿನವೂ ಹಾಗೆಯೇ. ಹೊನ್ನೂರಪ್ಪ ಪ್ರತಿ ಹೊತ್ತಿಗೂ ಎರಡು ಸಲ ಪಾಯಸ ಹಾಕಿಸಿಕೊಂಡು, “ಅತ್ತೀ, ಅಧಿಕಮಾಸ ಭಾಳ ಚಲೋ ಮಾಸ,” ಎಂದ. ಜೋಳದ ಹಿಟ್ಟು ಸಮುದ್ರ ನೋಡಿಕೊಂಡು ಕಟ್ಟಿದ ಬಾಯಿ ಕಟ್ಟಿದಂತೆಯೇ ಪತ್ತಿಕೊಂಡಕ್ಕೆ ಮರಳಿತು.

ಮರುದಿನ ಮಂಗಳಾ ಅದನ್ನೇ ಜರಡಿ ಹಿಡಿಯುತ್ತಿದ್ದಾಗ ಸಿದ್ದಬಸಪ್ಪ ಬಂದು ಘೋಷಿಸಿದ: “ಮುಂದಿನ ಸಲ ವೈಶಾಖದಾಗ ಹೋಗೋಣ. ಮೊದಲ ದಿನಾನ ಹಾಲು ಉಕ್ಕಿಸಿಬಿಡೋಣ. ಆಮ್ಯಾಲ ಯಾರು ಏನಂತಾರ ನೋಡ್ತೀನಿ.”

ಮಂಗಳಾಳ ಕೈಯ ಜರಡಿ ನಿಂತಿತು.

“ಹೋಗೋಣಪ್ಪ,” ಎಂದಳು ಪೀರಮ್ಮ, ಅಡಿಕೆ ಕತ್ತರಿಸುತ್ತ. “ವೈಶಾಖದಾಗ ದಿನಾ ಮದುವಿ. ಉರುಕುಂದ ಡಬಲ್ ಬಾಡಿಗಿ ಕೇಳ್ತಾನಂತ, ನಿನ್ನೇನ ಹೇಳಿದ.”

ಸಿದ್ದಬಸಪ್ಪ ಗೋಡೆಯ ಕ್ಯಾಲೆಂಡರ್ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ: “ಮತ್ತ ಅಧಿಕ ಯಾವಾಗ ಬರ್ತೈತಬೇ?”

“ಮೂರು ವರ್ಷಕ್ಕ,” ಎಂದಳು ಮಂಗಳಾ. ಆಕೆ ಬೆಳಿಗ್ಗೆಯೇ ನೋಡಿದ್ದಳು.